ಡ್ರಾಯಿಂಗ್ ವಾಪಸ್ ಕೇಳಿದ ಗಿರಾಕಿ: ಉದ್ಯಮಬಾಗದ ಒಂದು ಪ್ರಕರಣ

ಆ ಇಮೇಲ್ ಬಂದದ್ದು ಜುಲೈ ಕೊನೆಯ ವಾರ. ಆಗ ಬೆಳಗಾವಿಯಲ್ಲಿ ಮಳೆ ಅಂದ್ರೆ ಹಗಲು ರಾತ್ರಿ ಮಳೆ. ಉದ್ಯಮಬಾಗದ ನಮ್ಮ ಶೆಡ್ಡಿನ ತಗಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ, ಫೋನ್ ಬಂದರೆ ಮಾತಾಡೋಕೆ ಆಫೀಸ್ ರೂಮಿಗೆ ಓಡಬೇಕಿತ್ತು. ಓಡುವ ಕೆಲಸವೂ ಆ ತಿಂಗಳು ಕಡಿಮೆಯೇ ಇತ್ತು. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಮೂರು ಸಿಎನ್‌ಸಿ ಮಷಿನ್‌ಗಳಲ್ಲಿ ಎರಡು ನಿಂತಿದ್ದವು. ನಮ್ಮ ದೊಡ್ಡ ಗಿರಾಕಿ ಹೈಡ್ರಾಲಿಕ್ ಸ್ಪೂಲ್‌ಗಳ ಆರ್ಡರ್ ಅರ್ಧ ಮಾಡಿದ್ದರು. ಬ್ಯಾಂಕಿನ ಕಂತು ಮಾತ್ರ ಪೂರ್ತಿ ಇತ್ತು. ಮುಂದೆ ಗಣಪತಿ ಹಬ್ಬ, ಹುಡುಗರಿಗೆ ಅಡ್ವಾನ್ಸ್ ಕೊಡಬೇಕು.

ನಾನು ಈ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಎಕ್ಸ್‌ಪೋರ್ಟ್ ಕಾಗದಪತ್ರದ ಕೆಲಸವೂ ನನ್ನದೇ. ಒಟ್ಟು 19 ಜನ ಇದ್ದೇವೆ. ಮಾಲೀಕರನ್ನು ಎಲ್ಲರೂ ಕಾಕಾ ಅಂತಾರೆ. ಗಿರಾಕಿಯ ಹೆಸರು, ಊರು ಇಲ್ಲಿ ಬರೆಯುವುದಿಲ್ಲ, ನಮ್ಮ ಶಾಪಿನ ಹೆಸರೂ ಬೇಡ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಅನ್ನಿಸಿದೆ. ಯಾಕೆಂದರೆ ಇಂಥ ಇಮೇಲ್ ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಇನ್ನೊಂದು ಶಾಪಿಗೂ ಬರಬಹುದು.

ಕೊಲ್ಲಿ ದೇಶದ ಒಬ್ಬ ಟ್ರೇಡರ್ ಬರೆದಿದ್ದರು. ಬೇಕಾಗಿದ್ದು ಅಲ್ಯೂಮಿನಿಯಂ ಸಿಲಿಂಡರ್, 7075 ಗ್ರೇಡ್, ಟಿ6 ಟೆಂಪರ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಮೊದಲು 400 ಪೀಸ್, ಆಮೇಲೆ ಮೂರು ತಿಂಗಳಿಗೊಮ್ಮೆ ಅಷ್ಟೇ. ಬಳಕೆ ಏನು ಅನ್ನುವ ಕಡೆ "ಆಯಿಲ್ ಅಂಡ್ ಗ್ಯಾಸ್" ಅಂತ ಎರಡೇ ಮಾತು. 7075 ನಮಗೆ ಹೊಸದಲ್ಲ. ಹತ್ತರಗಿಯ ಕಡೆ ವಿಮಾನದ ಬಿಡಿಭಾಗದ ಕೆಲಸ ಶುರುವಾದ ಮೇಲೆ ನಮ್ಮಂಥ ಸಣ್ಣ ಶಾಪುಗಳೂ ಆ ಲೋಹದಲ್ಲಿ ಕೈ ಪಳಗಿಸಿಕೊಂಡಿವೆ. ಟ್ರೇಡರ್ ನಮ್ಮನ್ನು ಹುಡುಕಿದ್ದೂ ಅದಕ್ಕೇ ಇರಬೇಕು.

ಕಾಕಾ ಲೆಕ್ಕ ಹಾಕಿದರು. ಸಿಗರೇಟ್ ಪಾಕೀಟಿನ ಹಿಂದೆ ಲೆಕ್ಕ ಬರೆಯುವುದು ಅವರ ರೂಢಿ. ಎರಡು ಮಷಿನ್ ಎರಡು ಪಾಳಿ ಓಡಿದರೆ ಕಂತು, ಪಗಾರ, ಹಬ್ಬ ಎಲ್ಲ ದಾಟುತ್ತದೆ.

"ತಮ್ಮಾ, ನಾಳೇನ ಕೊಟೇಶನ್ ಕಳಸು. ರೇಟ್ ಒಂದೀಟು ಏರಿಸೇ ಹಾಕು, ಚೌಕಾಸಿ ಮಾಡ್ತಾರಲ್ಲ."

ನಾನು ಏರಿಸಿಯೇ ಒಂದು ಅಂದಾಜು ರೇಟ್ ಕಳಿಸಿದೆ. ಅವರು ಚೌಕಾಸಿ ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು, ಪೂರ್ತಿ ದುಡ್ಡು ಅಡ್ವಾನ್ಸ್ ಕೊಡುತ್ತೇವೆ ಅಂತಲೂ ಬರೆದಿದ್ದರು. ಇಪ್ಪತ್ತು ವರ್ಷದಲ್ಲಿ ನಾನು ಇಂಥ ಗಿರಾಕಿಯನ್ನು ನೋಡಿರಲಿಲ್ಲ. ಖುಷಿಯಾಗಬೇಕಿತ್ತು, ಆದರೆ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಡ್ರಾಯಿಂಗ್ ಪ್ರಿಂಟ್ ತೆಗೆದು ಟೇಬಲ್ ಮೇಲೆ ಹಾಸಿದೆ. ಯಾವ ಡ್ರಾಯಿಂಗ್‌ಗಾದರೂ ಬಲಗಡೆ ಕೆಳಗೆ ಒಂದು ಚೌಕ ಇರುತ್ತದೆ. ಕಂಪನಿ ಹೆಸರು, ಭಾಗದ ಹೆಸರು, ಬಿಡಿಸಿದವರು ಯಾರು, ಪರೀಕ್ಷಿಸಿದವರು ಯಾರು, ಎಷ್ಟನೇ ತಿದ್ದುಪಡಿ, ಎಲ್ಲ ಅಲ್ಲಿರುತ್ತದೆ. ಇದರಲ್ಲಿ ಚೌಕ ಇತ್ತು, ಒಳಗೆ ಏನೂ ಇರಲಿಲ್ಲ. ಬಿಳಿ ಬಣ್ಣ ಹಚ್ಚಿ ಮುಚ್ಚಿದ ಗುರುತು ಕಾಣುತ್ತಿತ್ತು. ಮೇಲೆ ಒಂದು ಸೂಚನೆ: ಕೆಲಸ ಮುಗಿದ ಮೇಲೆ ಡ್ರಾಯಿಂಗಿನ ಎಲ್ಲ ಪ್ರತಿ ವಾಪಸ್ ಕೊಡಬೇಕು, ಫೈಲ್ ಅಳಿಸಬೇಕು.

ಲೋಹದ ವಿಷಯವೂ ಹೊಂದುತ್ತಿರಲಿಲ್ಲ. 7075 ಟಿ6 ಗಟ್ಟಿ, ಹಗುರ. ಆದರೆ ಉಪ್ಪು ನೀರು ಮತ್ತು ಒತ್ತಡ ಒಟ್ಟಿಗೆ ಬಿದ್ದರೆ ಬಿರುಕು ಬಿಡುವ ಗುಣ ಅದಕ್ಕಿದೆ. ಎಣ್ಣೆ ಬಾವಿ ಕೆಲಸಕ್ಕೆ ಯಾರಾದರೂ ಮೊದಲು ಆರಿಸುವ ಲೋಹ ಅದಲ್ಲ.

ನಮ್ಮ ಹಿರಿಯ ಮಿಸ್ತ್ರಿಯನ್ನು ಕರೆದೆ. ಹಳೇ ಲೇಥಿನ ಕಾಲದಿಂದ ಟರ್ನಿಂಗ್ ಮಾಡಿದವರು. ಕೂಲಂಟ್ ಹತ್ತಿದ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಬೆರಳಿನಿಂದ ಒಂದೊಂದು ಅಳತೆ ಮುಟ್ಟುತ್ತಾ ಹೋದರು. ಗೋಡೆ ದಪ್ಪದ ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ, ಅದರ ಹತ್ತಿರ ಬೆರಳು ನಿಂತಿತು.

"ಇದು ಪೈಪ್ ಅಲ್ರೀ ಸರ್. ಎಣ್ಣಿ ಹರಿಯೂ ಪೈಪಿಗೆ ಗ್ವಾಡಿ ದಪ್ಪ ಸುತ್ತಲೂ ಇಷ್ಟು ಒಂದೇ ಇರ್ಬೇಕು ಅಂತ ಯಾರೂ ಕೇಳಂಗಿಲ್ಲ. ಇದು ತಿರಗೂ ಸಾಮಾನ ಐತಿ. ಬಾಳ ಜೋರ ತಿರಗತೈತಿ."

ಅಷ್ಟು ಹೇಳಿ ಅವರು ಮಷಿನ್‌ಗೆ ಹೋದರು. ನನಗೆ ಆ ಮಾತು ಅಲ್ಲೇ ಕೂತಿತು.

ಜೋರಾಗಿ ತಿರುಗುವ ವಸ್ತು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ನನಗೆ ನೆನಪಾದದ್ದು ಒಂದೇ. ಗಣಿಯಿಂದ ಬರುವ ಯುರೇನಿಯಂನಲ್ಲಿ ಸೀಳುವ ಗುಣವಿರುವ ಯುರೇನಿಯಂ-235 ಶೇ. 0.7ರಷ್ಟು ಮಾತ್ರ. ಹೆಚ್ಚಿನ ವಿದ್ಯುತ್ ರಿಯಾಕ್ಟರ್‌ಗಳಿಗೆ ಅದನ್ನು ಶೇ. 3ರಿಂದ 5ಕ್ಕೆ ಏರಿಸುತ್ತಾರೆ. ಬಾಂಬಿಗೆ ಶೇ. 90ರ ಹತ್ತಿರ ಬೇಕು. ಹೀಗೆ ಏರಿಸುವ ಮಷಿನ್ ಸೆಂಟ್ರಿಫ್ಯೂಜ್. ಡೇರಿಯಲ್ಲಿ ಮಷಿನ್ ತಿರುಗಿಸಿ ಹಾಲಿನಿಂದ ಕೆನೆ ಬೇರೆ ಮಾಡುತ್ತಾರಲ್ಲ, ಭಾರದ್ದು ಹಗುರಾದದ್ದು ಬೇರೆಯಾಗುವ ಆ ತತ್ವವನ್ನೇ ಊಹಿಸೋಕಾಗದ ವೇಗಕ್ಕೆ ಒಯ್ದ ಮಷಿನ್ ಅದು. ಒಂದೆರಡು ಸಾಲದು, ಸಾವಿರಾರು ಬೇಕು, ಪ್ರತಿಯೊಂದಕ್ಕೂ ನೂರಾರು ಬಿಡಿಭಾಗ. ಅಣುಬಾಂಬ್ ಅಂದಾಗ ನಮ್ಮ ಕಣ್ಣ ಮುಂದೆ ದೊಡ್ಡ ದೊಡ್ಡ ವಿಜ್ಞಾನಿಗಳು ಬರುತ್ತಾರೆ. ಆದರೆ ಯಾರೋ ಒಬ್ಬ ಟರ್ನರ್ ಆ ಭಾಗಗಳನ್ನು ಕಡೆದು ಕೊಡದಿದ್ದರೆ ಅವರ ಕೆಲಸ ಮುಂದೆ ಹೋಗುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ. ಮಲೇಷ್ಯಾದಲ್ಲಿ ಹೀಗೇ ನಡೆದಿದೆ. ಪಾಕಿಸ್ತಾನದ ಎ.ಕ್ಯೂ. ಖಾನ್ 70ರ ದಶಕದಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಸೆಂಟ್ರಿಫ್ಯೂಜ್‌ನ ವಿವರ ಹೊತ್ತುಕೊಂಡು ಬಂದವರು. ಮೊದಲು ತಮ್ಮ ದೇಶಕ್ಕೆ ಬಾಂಬಿನ ದಾರಿ ಮಾಡಿಕೊಟ್ಟರು, ಆಮೇಲೆ ಅದೇ ಜ್ಞಾನವನ್ನು ಇರಾನ್, ಲಿಬಿಯಾ, ಉತ್ತರ ಕೊರಿಯಾಗಳಿಗೆ ಮಾರಿದರು. ಲಿಬಿಯಾಕ್ಕೆ ಬೇಕಾದ ಭಾಗಗಳನ್ನು ಮಾಡಿದ್ದು ಮಲೇಷ್ಯಾದ ಶಾ ಆಲಂನ ಒಂದು ಪ್ರಿಸಿಷನ್ ವರ್ಕ್‌ಶಾಪ್. ಆರ್ಡರ್ ಬಂದದ್ದು ದುಬೈಯ ಟ್ರೇಡರ್ ಮೂಲಕ. ಬಳಕೆ ಏನು ಅಂದರೆ ಆಯಿಲ್ ಅಂಡ್ ಗ್ಯಾಸ್. ಸ್ವಿಟ್ಜರ್ಲೆಂಡಿನ ಒಬ್ಬ ಎಂಜಿನಿಯರ್ ಅಲ್ಲೇ ಕೂತು ಕೆಲಸ ನೋಡಿಕೊಳ್ಳುತ್ತಿದ್ದ. ಪೀಸ್ ಆದ ಮೇಲೆ ವ್ಯಾಪಾರದ ಗುಟ್ಟು ಅಂತ ಹೇಳಿ ಡ್ರಾಯಿಂಗ್ ವಾಪಸ್ ತಗೊಳ್ಳುತ್ತಿದ್ದ, ಅಂತ 2004ರ ಮಲೇಷ್ಯಾ ಪೊಲೀಸ್ ವರದಿ ಹೇಳುತ್ತದೆ. 14 ಬಗೆಯ ಭಾಗಗಳು, 2002ರ ಡಿಸೆಂಬರ್‌ನಿಂದ 2003ರ ಆಗಸ್ಟ್ ತನಕ ನಾಲ್ಕು ಕಂತಿನಲ್ಲಿ ಹೋದವು. 2003ರ ಅಕ್ಟೋಬರ್‌ನಲ್ಲಿ ಬಿಬಿಸಿ ಚೈನಾ ಅನ್ನುವ ಹಡಗನ್ನು ಇಟಲಿಯ ಟಾರಂಟೋ ಬಂದರಿಗೆ ತಿರುಗಿಸಿ ತೆರೆದಾಗ, ಮರದ ಪೆಟ್ಟಿಗೆಗಳ ಮೇಲೆ ಆ ವರ್ಕ್‌ಶಾಪಿನ ಹೆಸರೇ ಇತ್ತು. ಅದೇ ವರ್ಷ ಡಿಸೆಂಬರ್ 19ರಂದು ಲಿಬಿಯಾ ತನ್ನ ಬಾಂಬ್ ಯೋಜನೆ ಕೈಬಿಟ್ಟಿತು.

ನಮಗೇನು ಗೊತ್ತು ಅಂತ ಆ ವರ್ಕ್‌ಶಾಪಿನವರು ಹೇಳಿದರು. ಕೆಲಸಗಾರರಿಗೆ ಖಂಡಿತ ಗೊತ್ತಿರಲಿಕ್ಕಿಲ್ಲ. ಪೆಟ್ಟಿಗೆ ಮೇಲೆ ತಮ್ಮ ಹೆಸರು ಅಚ್ಚು ಹಾಕಿ ಕಳಿಸಿದ್ದರಲ್ಲ, ನನಗೆ ಅದನ್ನು ನೆನೆದರೇ ಸಂಕಟವಾಗುತ್ತದೆ. ನಾವೂ ಹಾಗೇ ಅಚ್ಚು ಹಾಕುತ್ತೇವೆ, ಹೆಮ್ಮೆಯಿಂದ.

ಇದನ್ನು ಕಾಕಾಗೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ಹಂಗಂತ ಎಲ್ಲಾರೂ ಕಳ್ಳರೇನು? ನಾವು ಪೊಲೀಸರೂ ಅಲ್ಲ, ಸೈಂಟಿಸ್ಟೂ ಅಲ್ಲ. ತಪ್ಪು ತಿಳಕೊಂಡು ಬಂದ ಲಕ್ಷ್ಮೀನ ಕಳಕೊಂಡ್ರ?"

ಅವರ ಮಾತನ್ನು ಹಗುರ ಮಾಡುವ ಹಾಗಿರಲಿಲ್ಲ. ಅನುಮಾನವೇ ತಪ್ಪಾದ ದೊಡ್ಡ ಉದಾಹರಣೆಯೂ ಇದೆ. 2001ರಲ್ಲಿ ಇರಾಕಿಗೆ ಹೊರಟಿದ್ದ ಅಲ್ಯೂಮಿನಿಯಂ ಟ್ಯೂಬ್‌ಗಳನ್ನು ಜೋರ್ಡಾನ್‌ನಲ್ಲಿ ಹಿಡಿದರು. ಅದೇ 7075 ಲೋಹ, 81 ಎಂಎಂ ವ್ಯಾಸ. ಇವು ಸೆಂಟ್ರಿಫ್ಯೂಜ್‌ಗೆ ಅಂತ ಅಮೆರಿಕದ ಗುಪ್ತಚರರು ಹೇಳಿದರು. ಅಲ್ಲ, ಇದು ಸಾದಾ ರಾಕೆಟ್ಟಿನ ಅಳತೆ ಅಂತ ಅಮೆರಿಕದ್ದೇ ಇಂಧನ ಇಲಾಖೆಯ ತಜ್ಞರು ಹೇಳಿದರು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಅದನ್ನೇ ಹೇಳಿತು. 2003ರಲ್ಲಿ ಯುದ್ಧ ಆಯಿತು. ಆಮೇಲೆ ಹುಡುಕಿದಾಗ ರಾಕೆಟ್ಟಿನ ಮಾತೇ ನಿಜವಾಗಿತ್ತು. ಒಂದು ಟ್ಯೂಬ್ ನೋಡಿ ತೀರ್ಪು ಕೊಡುವುದು ಅಷ್ಟು ಕಷ್ಟದ ಕೆಲಸ. ಲ್ಯಾಬು, ಉಪಗ್ರಹ ಎಲ್ಲ ಇದ್ದವರೇ ಎಡವಿದ್ದಾರೆ.

ಹಾಗಾದರೆ ನಮ್ಮಂಥವರು ಏನು ಮಾಡಬೇಕು? ನನಗೆ ಆಗ ಹೊಳೆದದ್ದು ಇಷ್ಟು: ಇದು ಬಾಂಬಿಗೋ ಅಲ್ಲವೋ ಅಂತ ತೀರ್ಮಾನ ಮಾಡುವುದು ನನ್ನ ಕೆಲಸ ಅಲ್ಲ. ಯಾವುದಕ್ಕೆ, ಯಾರಿಗೆ ಅಂತ ಕೇಳುವುದು ನನ್ನ ಕೆಲಸ. ಉತ್ತರ ಸರಿ ಇಲ್ಲದಿದ್ದರೆ ತೀರ್ಮಾನ ಮಾಡಬೇಕಾದವರಿಗೆ ತಿಳಿಸುವುದು ನನ್ನ ಕೆಲಸ.

ಅದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. ದೇಶದಿಂದ ಹೊರಗೆ ಲೈಸೆನ್ಸ್ ಇಲ್ಲದೆ ಕಳಿಸಬಾರದ ವಸ್ತು ಮತ್ತು ತಂತ್ರಜ್ಞಾನದ ಪಟ್ಟಿಗೆ ಸ್ಕೋಮೆಟ್ ಅಂತಾರೆ. ಅಣುಶಕ್ತಿಗೆ ನೇರ ಸಂಬಂಧದ ವಸ್ತುಗಳಿಗೆ ಅಣುಶಕ್ತಿ ಇಲಾಖೆ ಲೈಸೆನ್ಸ್ ಕೊಡುತ್ತದೆ. ಸಾದಾ ಕೆಲಸಕ್ಕೂ ಅಸ್ತ್ರಕ್ಕೂ ಬಳಕೆಯಾಗುವ ಹೆಚ್ಚಿನ ವಸ್ತುಗಳಿಗೆ ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯ, ಅಂದರೆ ನಾವೆಲ್ಲ ಹೇಳುವ ಡಿಜಿಎಫ್‌ಟಿ. 1974ರಲ್ಲಿ ಭಾರತ ಪೋಖರಣ್‌ನಲ್ಲಿ ಸ್ಫೋಟ ಮಾಡಿದ ಮೇಲೆ ಹುಟ್ಟಿದ, ಅಣು ಸಾಮಗ್ರಿ ಪೂರೈಸುವ ದೇಶಗಳ ಕೂಟ ನ್ಯೂಕ್ಲಿಯರ್ ಸಪ್ಲೈಯರ್ಸ್ ಗ್ರೂಪ್. ಅದರಲ್ಲಿ ನಾವು ಇನ್ನೂ ಸದಸ್ಯರಲ್ಲ, ಆದರೂ ಅದರ ನಿಯಮಕ್ಕೆ ನಮ್ಮ ಪಟ್ಟಿಯನ್ನು ಹೊಂದಿಸಿಕೊಂಡಿದ್ದೇವೆ. ಆ ಕೂಟದ ಪಟ್ಟಿಯಲ್ಲಿ ಅಲ್ಯೂಮಿನಿಯಂ ಬಗ್ಗೆಯೇ ಒಂದು ಸಾಲಿದೆ: 460 ಮೆಗಾಪಾಸ್ಕಲ್ ಅಥವಾ ಜಾಸ್ತಿ ಬಲ ತಡೆಯಬಲ್ಲ ಮಿಶ್ರಲೋಹ, ಟ್ಯೂಬ್ ಅಥವಾ ಸಿಲಿಂಡರ್ ರೂಪ, ಹೊರ ವ್ಯಾಸ 75 ಎಂಎಂಗಿಂತ ಹೆಚ್ಚು. ನಮ್ಮ ಡ್ರಾಯಿಂಗ್ ಪಕ್ಕ ಇಟ್ಟು ನೋಡಿದೆ. ಮೂರೂ ಹೊಂದುತ್ತಿದ್ದವು.

ಪಟ್ಟಿಯಲ್ಲಿ ಇಲ್ಲದಿದ್ದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. 2005ರಲ್ಲಿ ನಮ್ಮ ದೇಶದಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆ ಬಂತು. ಅಣ್ವಸ್ತ್ರಕ್ಕೆ ಬಳಸುತ್ತಾರೆ ಅಂತ ಗೊತ್ತಿದ್ದೂ ಯಾವ ವಸ್ತು ಕಳಿಸಿದರೂ ಅಪರಾಧ ಅನ್ನುತ್ತದೆ ಅದು. ಅದರ ಹಿಂದೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1540ನೇ ನಿರ್ಣಯ ಇದೆ, 2004ರ ಏಪ್ರಿಲ್‌ನದು. ಖಾನ್ ಟಿವಿಯಲ್ಲಿ ತಪ್ಪೊಪ್ಪಿಕೊಂಡ ಮೂರು ತಿಂಗಳೊಳಗೆ ಬಂದದ್ದು. ಅಲ್ಲಿಯ ತನಕದ ಒಪ್ಪಂದಗಳು ದೇಶ ದೇಶಗಳ ನಡುವಿನವು. ಈ ನಿರ್ಣಯ ಭಯೋತ್ಪಾದಕರು, ದಲ್ಲಾಳಿಗಳು, ಖಾಸಗಿ ವ್ಯಾಪಾರಿಗಳನ್ನೂ ಲೆಕ್ಕಕ್ಕೆ ತಗೊಂಡಿತು. ಅದಕ್ಕೆ ಕಾರಣವೂ ಇತ್ತು. ಪಾಕಿಸ್ತಾನದ ನಿವೃತ್ತ ಅಣು ಎಂಜಿನಿಯರ್ ಸುಲ್ತಾನ್ ಬಶೀರುದ್ದೀನ್ ಮಹಮೂದ್ 2001ರ ಆಗಸ್ಟ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ ಒಸಾಮಾ ಬಿನ್ ಲಾಡೆನ್‌ನನ್ನು ಕಂಡಿದ್ದರು. ಭಯೋತ್ಪಾದಕರ ಗುಂಪೊಂದು ತಾನೇ ಸಾವಿರಾರು ಸೆಂಟ್ರಿಫ್ಯೂಜ್ ನಡೆಸುವುದು ಆಗದ ಮಾತು. ಆದರೆ ಬಾಂಬಿನ ಯುರೇನಿಯಂ ಎಷ್ಟು ಕಡೆ ತಯಾರಾಗುತ್ತದೋ, ಕದಿಯೋಕೆ, ಮಾರೋಕೆ ಅಷ್ಟು ಬಾಗಿಲು ತೆರೆಯುತ್ತವೆ. ಒಂದು ಬಾಂಬಿಗೆ ಸಾಕಾಗಬಹುದು ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಲೆಕ್ಕ ಹಿಡಿಯುವುದು 25 ಕೆಜಿ ಯುರೇನಿಯಂ-235. ಅರ್ಧ ಚೀಲ ಸಿಮೆಂಟಿನ ತೂಕ.

ಟ್ರೇಡರ್‌ಗೆ ಪತ್ರ ಬರೆದೆವು. ಕಾಕಾ ಒಂದೇ ಷರತ್ತು ಹಾಕಿದರು: ಮರ್ಯಾದೆಯಿಂದ ಬರಿ, ಕಳ್ಳನಿಗೆ ಬರೆದಂಗೆ ಬರೀಬ್ಯಾಡ. ಸರಿಯಾದ ಮಾತು. ಕೊನೆಗೆ ಬಳಸುವವರು ಯಾರು, ಯಾವ ದೇಶ, ಯಾವ ಮಷಿನ್‌ಗೆ, ಅದೇ ಲೋಹ ಯಾಕೆ ಅಂತ ಕೇಳಿದೆವು. ಬಳಕೆದಾರರೇ ಸಹಿ ಮಾಡಿದ ಪ್ರಮಾಣಪತ್ರ ಬೇಕು ಅಂತಲೂ ಬರೆದೆವು. ಸ್ಕೋಮೆಟ್ ಅರ್ಜಿಗೆ ಅದು ಹೇಗೂ ಬೇಕು.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಫೋನ್. ಇಷ್ಟೆಲ್ಲ ಯಾಕೆ, ಬಿಲ್ಲಿನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಪೈಪ್ ಅಂತ ಬರೆದರೆ ಆಯಿತಲ್ಲ, ನೀವು ಹೇಗೂ ಅದನ್ನೇ ಮಾಡುತ್ತೀರಿ ಅಂದರು. ನಾನು ಆಗಲ್ಲ ಅಂದೆ. ಆಗ ಇನ್ನೊಂದು ದಾರಿ ತೋರಿಸಿದರು. ಎಕ್ಸ್‌ಪೋರ್ಟ್ ಮಾಡುವುದೇ ಬೇಡ, ಮುಂಬೈಯ ಒಂದು ಸಂಸ್ಥೆಗೆ ಬಿಲ್ ಹಾಕಿ, ಅವರು ಕಳಿಸಿಕೊಳ್ಳುತ್ತಾರೆ.

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಈ ಮಾತು. ಯಾಕೆಂದರೆ ಕಾಕಾ ಅದಕ್ಕೆ ಒಪ್ಪಿದ್ದರು.

"ಮುಂಬೈಗೆ ಮಾರಿದ್ರ ಲೋಕಲ್ ಸೇಲ್. ಜಿಎಸ್‌ಟಿ ಕಟ್ತೀವಿ. ಮುಂದ ಅವ್ರು ಎಲ್ಲಿಗರ ಕಳಸಲಿ, ನಮ್ದೇನೈತಿ ಅದರಾಗ?"

ಉದ್ಯಮಬಾಗದ ನೂರಕ್ಕೆ ತೊಂಬತ್ತು ಜನ ಹೀಗೇ ಹೇಳುತ್ತಾರೆ ಅಂತ ನನಗೆ ಗೊತ್ತು. ನಾವು ಜಾಬ್ ವರ್ಕ್ ಮಾಡುವವರು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರನ್ನು ಕಣ್ಣಿಂದ ನೋಡಿದವರೇ ಕಡಿಮೆ. ಕಸ್ಟಮ್ಸ್ ಇರುವುದು ಬಂದರಿನಲ್ಲಿ, ಪ್ರಶ್ನೆ ಕೇಳುವವರು ಅಲ್ಲಿದ್ದಾರೆ ಅಂದುಕೊಳ್ಳುತ್ತೇವೆ. ಆದರೆ ಪೆಟ್ಟಿಗೆ ಬಂದರಿಗೆ ಹೋಗುವ ಹೊತ್ತಿಗೆ ಅದರ ಮೇಲೆ "ಪೈಪ್" ಅಂತ ಬರೆದಾಗಿರುತ್ತದೆ. ಒಳಗಿರುವುದು ತಿರುಗುವ ಸಾಮಾನು ಅಂತ ಕಂಡುಹಿಡಿಯಬಲ್ಲವರು ನಮ್ಮ ಮಿಸ್ತ್ರಿ, ಮತ್ತು ಅವರು ಕೂತಿರುವುದು ಬೆಳಗಾವಿಯಲ್ಲಿ. ಮಲೇಷ್ಯಾದ ವರ್ಕ್‌ಶಾಪ್ ಕೂಡ ಮಾರಿದ್ದು ದುಬೈಗೆ, ಲಿಬಿಯಾಕ್ಕಲ್ಲ. ಇಂಥ ರಫ್ತನ್ನು ತಡೆಯುವ ಪೂರ್ಣ ಕಾನೂನು ಆಗ ಆ ದೇಶದಲ್ಲಿ ಇರಲೂ ಇಲ್ಲ, 2010ರಲ್ಲಿ ಮಾಡಿಕೊಂಡರು. ನಮ್ಮಲ್ಲಿ ಆಗಲೇ ಇದೆ. ಗೊತ್ತಿದ್ದೂ ದಾರಿ ಮಾಡಿಕೊಟ್ಟರೆ ನಡುವೆ ಮುಂಬೈ ಇದೆ ಅನ್ನುವುದು ನೆಪವಾಗುವುದಿಲ್ಲ.

ಇದನ್ನೆಲ್ಲ ಹೇಳಿದೆ. ಇದಕ್ಕೆ ಶಿಕ್ಷೆ ಇದೆ ಅಂತಲೂ ಹೇಳಿದೆ. ಕಾಕಾ ಜಗ್ಗಲಿಲ್ಲ. ಕಂತಿನ ತಾರೀಖು ಎದುರಿಗಿದ್ದವರಿಗೆ ಕಾನೂನಿನ ಮಾತು ದೂರದ್ದಾಗಿ ಕಾಣುತ್ತದೆ, ಅದರಲ್ಲಿ ಅವರ ತಪ್ಪಿಲ್ಲ.

ಅವರು ಬದಲಾದದ್ದು ಮಿಸ್ತ್ರಿಯಿಂದ. ಸಂಜೆ ಚಹಾ ಹೊತ್ತಿಗೆ ಕಾಕಾ ಶಾಪಿಗೆ ಬಂದು, ಈ ಕೆಲಸ ಬಂದರೆ ನೀನೇ ಮಾಡಬೇಕಾಗುತ್ತೆ ಅಂದರು. ಮಿಸ್ತ್ರಿ ಕಪ್ ಕೆಳಗಿಟ್ಟರು.

"ಮಾಡ್ತೀನ್ರಿ ಮಾಲಕ್ರ. ಆದ್ರ ಯಾವ ಮಷಿನ್‌ದಾಗ ಕುಂಡ್ರೂ ಪೀಸ್ ಅಂತ ಹೇಳ್ರಿ. ಫಿಟ್ಟಿಂಗ್ ಗೊತ್ತಿಲ್ದ ಇಷ್ಟು ವರ್ಷ ಒಂದ ಪೀಸೂ ನಾ ಪಾಸ್ ಮಾಡಿಲ್ಲ."

ಕಾಕಾ ಸ್ವಲ್ಪ ಹೊತ್ತು ಸುಮ್ನೆ ನಿಂತರು. ತಗಡಿನ ಮೇಲೆ ಮಳೆ ಸದ್ದು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾಡ ಬಿಡು ತಮ್ಮಾ" ಅಂದರು.

ಮುಂದಿನದು ಬೇಗ ಮುಗಿಯಿತು. ಕೊಟೇಶನ್ ವಾಪಸ್ ತಗೊಂಡಿದ್ದೇವೆ ಅಂತ ಎರಡು ಸಾಲು ಬರೆದೆವು. ಡ್ರಾಯಿಂಗ್, ಇಮೇಲ್‌ಗಳು, ಫೋನಿನಲ್ಲಿ ಆಡಿದ ಮಾತು, ಮುಂಬೈ ಸಂಸ್ಥೆಯ ಹೆಸರು ಎಲ್ಲ ಸೇರಿಸಿ ಡಿಜಿಎಫ್‌ಟಿಗೆ ಕಳಿಸಿದೆವು. ನಾವು ಯಾರ ಮೇಲೂ ಆರೋಪ ಮಾಡುತ್ತಿಲ್ಲ, ನಮಗೆ ಉತ್ತರ ಸಿಗದ ಪ್ರಶ್ನೆಗಳು ಇವು ಅಂತ ಮೊದಲ ಸಾಲಿನಲ್ಲೇ ಬರೆದೆ. ಇರಾಕಿನ ಟ್ಯೂಬ್ ನೆನಪಿತ್ತು. ತಲುಪಿದೆ ಅಂತ ಉತ್ತರ ಬಂತು. ಟ್ರೇಡರ್ ಮತ್ತೆ ಒಂದೇ ಸಲ ಬರೆದರು, ಡ್ರಾಯಿಂಗ್ ಅಳಿಸಿದಿರಾ ಅಂತ ಕೇಳೋಕೆ.

ನಷ್ಟ ಆಯಿತು. ಆಗಸ್ಟ್ ಪೂರ್ತಿ ಮಷಿನ್‌ಗಳು ನಿಂತಿದ್ದವು. ಬ್ಯಾಂಕಿಗೆ ಹೋಗಿ ಒಂದು ಕಂತು ಮುಂದೂಡಿಸಿಕೊಂಡೆವು. ಗಣಪತಿ ಅಡ್ವಾನ್ಸ್ ಅರ್ಧ ಕೊಟ್ಟೆವು. ಹುಡುಗರು ಏನೂ ಅನ್ನಲಿಲ್ಲ, ಆದರೆ ಮುಖ ನೋಡೋಕೆ ಕಷ್ಟ ಆಯಿತು. ಇದನ್ನು ಬರೆಯದಿದ್ದರೆ ಪ್ರಕರಣ ಪೂರ್ತಿ ಆಗುವುದಿಲ್ಲ. ಬೇಡ ಅನ್ನುವುದಕ್ಕೆ ಬೆಲೆ ಇದೆ, ಅದನ್ನು ಸಣ್ಣ ಶಾಪಿನವನೇ ತನ್ನ ಜೇಬಿನಿಂದ ಕೊಡುತ್ತಾನೆ.

ಅದಕ್ಕೇ ನನ್ನದೊಂದು ಕೋರಿಕೆ, ಇದನ್ನು ಜೋರಾಗಿಯೇ ಹೇಳುತ್ತೇನೆ. ಸ್ಕೋಮೆಟ್ ಪಟ್ಟಿ ಇರುವುದು ಕಾನೂನಿನ ಇಂಗ್ಲಿಷಿನಲ್ಲಿ, ನೂರಾರು ಪುಟ. ನಮ್ಮ ಮಿಸ್ತ್ರಿಗೆ ಅದರ ಒಂದು ಸಾಲೂ ಓದೋಕೆ ಬರುವುದಿಲ್ಲ, ಆದರೆ ಅದರಲ್ಲಿರುವ ವಸ್ತುವನ್ನು ಬೆರಳಿನಿಂದ ಗುರುತು ಹಿಡಿಯುತ್ತಾರೆ. ಅಂಥವರಿಗೆ ಅರ್ಥವಾಗುವ ಕನ್ನಡದಲ್ಲಿ, ಮರಾಠಿಯಲ್ಲಿ, ನಾಲ್ಕು ಪುಟದ ಒಂದು ಕೈಪಿಡಿ ಇಲ್ಲಿಗೆ ಬರಬೇಕು. ನಮ್ಮ ಫೌಂಡ್ರಿ, ಹೈಡ್ರಾಲಿಕ್, ಮಷಿನ್ ಶಾಪಿನವರ ಸಂಘಗಳ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಇಡಬೇಕು. ಬಂದರಿನಲ್ಲಿ ಹಾಕುವ ದುಬಾರಿ ಯಂತ್ರಕ್ಕಿಂತ ಇದು ಅಗ್ಗ, ಅಲ್ವಾ?

ನಮ್ಮ ಮಟ್ಟಿಗೆ ಒಂದು ಸಣ್ಣ ಬದಲಾವಣೆ ಆಗಿದೆ. ಕೊಟೇಶನ್ ರಿಜಿಸ್ಟರ್‌ನಲ್ಲಿ ಗಿರಾಕಿ, ಲೋಹ, ಸಂಖ್ಯೆ, ರೇಟ್ ಅಂತ ನಾಲ್ಕು ಕಾಲಂ ಇದ್ದವು. ಐದನೆಯದನ್ನು ಕಾಕಾ ತಾವೇ ಸ್ಕೇಲ್ ಇಟ್ಟು ಗೆರೆ ಎಳೆದು ಮಾಡಿದರು. ಮೇಲೆ "ಎದಕ್ಕ?" ಅಂತ ಬರೆದಿದ್ದಾರೆ. ಆ ಜುಲೈ ಪುಟದಲ್ಲಿ ಆ ಸಾಲಿನ ಎದುರು ಆ ಕಾಲಂ ಖಾಲಿ ಇದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಕೊಟ್ಟಿಲ್ಲ" ಅಂತ ಬರೆದು ಸಹಿ ಹಾಕಿದ್ದಾರೆ. ಡ್ರಾಯಿಂಗ್ ಪ್ರಿಂಟ್, ಮಿಸ್ತ್ರಿಯ ಬೆರಳಿನ ಎಣ್ಣೆ ಗುರುತಿನ ಸಮೇತ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇವೆ. ವಾಪಸ್ ಕಳಿಸಿಲ್ಲ.